ನಾಲ್ಕು ಊರಿನ ಒಂದೇ ಹಾಡು

ಸರಪಿಕಿ, ಮಾರ್ಚ್ 2, 1978
(ಅಂಚೆಗಲ್ಲ. ಬಿಸ್ಕತ್ತಿನ ಡಬ್ಬಕ್ಕೆ.)

ಗಮಾಲಿಯೆಲ್,

ನಿನ್ನ ನಾಲಿಗೆಗೆ ಹುಳ ಬೀಳಲಿ. ಮೊದಲು ಇಷ್ಟು ಬರೆದುಕೊಂಡರೆ ಮಾತ್ರ ಮುಂದಿನದನ್ನು ಬರೆಯಲಾಗುತ್ತದೆ.

ನಿನ್ನ ಪುಸ್ತಕ ಡಿಸೆಂಬರಿನಲ್ಲಿ ಬಂತು. ಅಪ್ಪ ಆಗಲೇ ಹಾಸಿಗೆ ಹಿಡಿದಿದ್ದ. ಪುಸ್ತಕದ ಮುಖಪುಟದ ಮೇಲೆ, ಹೂವಿನ ಜೇನು ಹೀರುವ ನಮ್ಮ ಪುಟ್ಟ ಸನ್ಯಾಸಿ ಹಕ್ಕಿಯ ಚಿತ್ರ: ಬಾಗಿದ ಉದ್ದ ಕೊಕ್ಕು, ಕೆನ್ನೆಯ ಪಟ್ಟೆ, ಬಾಲದ ಎರಡು ಬಿಳಿ ಗರಿ. ಅದರ ಕೆಳಗೆ ದಪ್ಪಕ್ಷರದಲ್ಲಿ ನಿನ್ನ ಹೆಸರು. ಅಪ್ಪ ಮುಖಪುಟವನ್ನು ಸವರಿ, "ಓದು ಮಗಳೇ, ನಮ್ಮ ಹುಡುಗ ಏನ್ ಬರ್ದಿದಾನೆ ನೋಡೋಣ" ಅಂದ. ದಿನಕ್ಕೆ ಹತ್ತು ಪುಟದಂತೆ ಓದಿದೆ. ಎಲ್ಲವೂ ಅಪ್ಪನ ಮಾತು. ಗಂಡುಗಳು ಮಳೆಗಾಡಿನ ನೆರಳಿನಲ್ಲಿ ಕೂಟ ಕಟ್ಟಿಕೊಂಡು, ಒಂದೊಂದೂ ತನ್ನ ಕಡ್ಡಿಯ ಮೇಲೆ ಕೂತು, ಬಾಲ ಅಲ್ಲಾಡಿಸುತ್ತ, ದಿನಕ್ಕೆ ಎಂಟು ಗಂಟೆ ಒಂದೇ ಸ್ವರ ಹಾಡುವುದು. ಹೆಣ್ಣು ಒಬ್ಬಳೇ ಬಾಳೆಯಂಥ ಎಲೆಯ ತುದಿಯ ಅಡಿಯಲ್ಲಿ ಜೇಡರ ನೂಲಿನಿಂದ ಗೂಡು ಹೊಲಿಯುವುದು. ಗಂಡಿನ ಕೊಕ್ಕಿನ ತುದಿ ಸೂಜಿಯಾಗಿರುವುದು ಹೂವಿಗಾಗಿ ಅಲ್ಲ, ಇನ್ನೊಂದು ಗಂಡಿನ ಗಂಟಲಿಗಾಗಿ ಎಂಬುದು. ಅಪ್ಪನಿಗೆ ಅಕ್ಷರ ಬಾರದು, ಅವನು ಹೇಳುತ್ತಿದ್ದ, ನಾನು ಬರೆಯುತ್ತಿದ್ದೆ, ವರ್ಷಕ್ಕೊಂದು ಪುಸ್ತಕ. "ನಕಲು ಮಾಡ್ಕೊಂಡು ಕಳಿಸ್ತೀನಿ" ಎಂದು ನೀನು ಹದಿನೆಂಟನ್ನು ಒಯ್ದೆ, ಒಂದೂ ತಿರುಗಿ ಬರಲಿಲ್ಲ. ಅಪ್ಪ ಹಕ್ಕಿಗಳಿಗಿಟ್ಟ ಅಡ್ಡಹೆಸರುಗಳನ್ನೂ ಬಿಟ್ಟಿಲ್ಲವಲ್ಲೋ ನೀನು! 'ಪಾದ್ರಿ', 'ಕಿವುಡ', 'ಅತ್ತೆ'! "ಇವನ್ನು ನಾನು ತಮಾಷೆಗೆ ಹೀಗೆ ಕರೆದೆ" ಎಂದು ಬರೆದಿದ್ದೀಯ. ನಿನಗೆ ತಮಾಷೆ ಮಾಡಲು ಯಾವಾಗ ಬರುತ್ತಿತ್ತು?

ಕೊನೆಯ ಪುಟ ಮುಗಿಯಿತು. ಅಪ್ಪ, "ಇನ್ನೊಂದ್ಸಲ ಹಿಂದಿನ ಪುಟಗಳ್ನ ನೋಡಮ್ಮ, ಸಣ್ಣಕ್ಷರದಲ್ಲಿ ಎಲ್ಲಾದ್ರೂ ಇರ್ಬಹುದು" ಅಂದ. ನೋಡಿದೆ. ಇದ್ದದ್ದು ಒಂದೇ ಸಾಲು, ಪುಟ 41ರಲ್ಲಿ: 'ಸ್ಥಳೀಯ ಆಳೊಬ್ಬ ಏಣಿ ಹಿಡಿದುಕೊಂಡಿದ್ದ.' ಹತ್ತೊಂಬತ್ತು ವರ್ಷಕ್ಕೆ ಒಂದು ಏಣಿ. ನಾನು ಆ ಸಾಲನ್ನು ಓದಲಿಲ್ಲ, "ಇಲ್ಲಪ್ಪ" ಅಂದೆ. ಅಪ್ಪ, "ಹೋಗ್ಲಿ ಬಿಡು, ಹಕ್ಕೀದು ಸರಿಯಾಗೇ ಬರ್ದಿದಾನಲ್ಲ" ಎಂದು ಗೋಡೆ ಕಡೆ ತಿರುಗಿ ಮಲಗಿದ. ಜನವರಿ ಹತ್ತೊಂಬತ್ತಕ್ಕೆ ಹೋದ.

ಒಂಬತ್ತು ದಿನದ ಜಪಮಾಲೆಯ ಪ್ರಾರ್ಥನೆ ಮುಗಿಯಿತು. ಊರವರು ಕಾಫಿ ಕುಡಿದು ಹೋದರು. ನಾನು ಮೇರಿಮಾತೆಯ ಮುಂದೆ ಬೇಡಿಕೊಂಡದ್ದು ಅಪ್ಪನ ಆತ್ಮಶಾಂತಿಯನ್ನಲ್ಲ. ಫಾಕುಂದೊ ಕಾರ್ವಹಾಲ್ ಎಂಬ ಅಪ್ಪನ ಹೆಸರು ಈ ಹಕ್ಕಿಯ ಪಕ್ಕದಲ್ಲಿ ಅಚ್ಚಾಗಬೇಕು. ಅದಕ್ಕೆ ಮುಂಚೆ ನಿನ್ನ ಹೆಸರು ಮಣ್ಣು ಮುಕ್ಕಬೇಕು. ಈ ಎರಡಾಗದೆ ನಾನು ಸಾವಿನ ಶೋಕಕ್ಕೆ ತೊಟ್ಟ ಕಪ್ಪು ಬಟ್ಟೆ ಬಿಡುವುದಿಲ್ಲ.

ಬೆನಿಲ್ದ


ಸರಪಿಕಿ, ಮಾರ್ಚ್ 2, 1978

ಮಾನ್ಯ ದೊನ್ ಗಮಾಲಿಯೆಲ್ ಅವರಿಗೆ,

ತಾವೂ ತಮ್ಮ ಮ್ಯೂಸಿಯಂ ಕೆಲಸವೂ ಚೆನ್ನಾಗಿವೆ ಎಂದು ನಂಬಿದ್ದೇನೆ. ಅಪ್ಪ ಜನವರಿಯಲ್ಲಿ ತೀರಿಕೊಂಡರು. ತಮ್ಮ ಪುಸ್ತಕವನ್ನು ಕೊನೆಯ ಪುಟದವರೆಗೂ ಕೇಳಿಸಿಕೊಂಡು, "ಹಕ್ಕಿಯ ವಿಷಯ ಸರಿಯಾಗಿ ಬರೆದಿದ್ದಾನೆ" ಎಂದರು. ಅದಕ್ಕಿಂತ ದೊಡ್ಡ ಮೆಚ್ಚುಗೆಯನ್ನು ಅವರು ಯಾರಿಗೂ ಕೊಟ್ಟವರಲ್ಲ.

ತಾವು 1975ರಲ್ಲಿ ಬಿಟ್ಟುಹೋದ ಟೇಪ್ ರೆಕಾರ್ಡರ್ ಭದ್ರವಾಗಿದೆ. ಬೇಕಿದ್ದರೆ ತಿಳಿಸಿ. ಅಪ್ಪನ ಕೆಲಸ ತಮ್ಮಂಥವರ ಕೈ ಸೇರಿತಲ್ಲ ಎಂಬುದೇ ನನಗೆ ಸಮಾಧಾನ.

ತಮ್ಮ ವಿಧೇಯಳು,
ಬೆನಿಲ್ದ ಕಾರ್ವಹಾಲ್


ಸಾನ್ ಹೊಸೆ, ಮಾರ್ಚ್ 21, 1978

ಪ್ರಿಯ ಬೆನಿ,

ನಿನ್ನ ಪತ್ರ ಓದಿ ಕಣ್ಣು ತುಂಬಿ ಬಂತು. ಫಾಕುಂದೊ ಒಳ್ಳೆಯ ಜೀವ. ನಿನಗೆ ಬೇಸರವಾಗಿದೆಯೇನೋ ಎಂಬ ಅಳುಕಿತ್ತು. ಪುಸ್ತಕದಲ್ಲಿ ಹೆಸರುಗಳನ್ನು ಸೇರಿಸಲು ಪ್ರಕಾಶಕರು ಒಪ್ಪುವುದಿಲ್ಲ, ವಿಜ್ಞಾನದ ಪದ್ಧತಿಯೇ ಹಾಗೆ. ನೀನು ಅರ್ಥಮಾಡಿಕೊಂಡಿದ್ದೀಯ. ನೀನು ಮೊದಲಿನಿಂದಲೂ ಜಾಣೆ.

ಒಂದು ವಿಷಯ. ಆಗಸ್ಟಿನಲ್ಲಿ ಇಲ್ಲಿ ದೊಡ್ಡ ಪಕ್ಷಿ ಸಮ್ಮೇಳನ ನಡೆಯಲಿದೆ, ಏಳು ದೇಶದವರು ಬರುತ್ತಾರೆ. ಸನ್ಯಾಸಿ ಹಕ್ಕಿಯ ಹಾಡು ಹುಟ್ಟಿನಿಂದಲೇ ಬರುತ್ತದೆ, ಯಾರೂ ಕಲಿಸಬೇಕಾಗಿಲ್ಲ, ಆದ್ದರಿಂದ ದೇಶದ ಯಾವ ಮೂಲೆಯಲ್ಲೂ ಅದು ಒಂದೇ ಎಂದು ನಾನು ಮಂಡಿಸಬೇಕೆಂದಿದ್ದೇನೆ. ಅದಕ್ಕೆ ಮೂರು ನಾಲ್ಕು ಊರುಗಳ ಧ್ವನಿಮುದ್ರಣ ಬೇಕು. ನನ್ನ ಮಂಡಿ ಈಗ ಕೆಸರಿಗೆ ಒಗ್ಗುವುದಿಲ್ಲ, ಕಾಡಿಗಿಳಿದು ಮೂರು ವರ್ಷವಾಯಿತು. ಫಾಕುಂದೊ ಆ ಯಂತ್ರದಲ್ಲಿ ಏನಾದರೂ ಹಿಡಿದಿಟ್ಟಿದ್ದಾನೆಯೇ? ಬೇರೆ ಯಾರ ಟೇಪನ್ನೂ ನಾನು ನಂಬುವುದಿಲ್ಲ. ಅವನ ಕಿವಿಯನ್ನಾದರೆ ಕಣ್ಣು ಮುಚ್ಚಿ ನಂಬುತ್ತೇನೆ.

ಪ್ರೀತಿಯಿಂದ,
ಗಮಾಲಿಯೆಲ್ ಉಲ್ಯೋವ


ಸರಪಿಕಿ, ಏಪ್ರಿಲ್ 2, 1978
(ಡಬ್ಬಕ್ಕೆ.)

ಗಮಾಲಿಯೆಲ್,

ಕೋಳಿ ತಾನಾಗಿ ಬಂದು ಒಲೆಯ ಪಕ್ಕದಲ್ಲಿ ಕೂತಿತು. ನನಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಬೆಲ್ಲದ ನೀರು ಮೈಮೇಲೆ ಚೆಲ್ಲಿಕೊಂಡೆ.

ಅಯ್ಯೋ ದಡ್ಡ, ಹಾಡು ಹುಟ್ಟಿನಿಂದ ಬರುತ್ತದೆಯೇ? ನೀನು ಬರುವುದನ್ನು ನಿಲ್ಲಿಸಿದ ಮೇಲೆ ಅಪ್ಪ ಹಿಡಿದದ್ದೇ ಇದನ್ನು. ಹತ್ತೊಂಬತ್ತನೆಯ ಪುಸ್ತಕ ಪೂರ್ತಿ ಇದೇ ಇದೆ, ಅದು ನನ್ನ ದಿಂಬಿನ ಕೆಳಗಿದೆ. ನಮ್ಮ ದಡದ ಕೂಟದಲ್ಲಿ 'ಚ್ವೀಂಕ್, ಚ್ವೀಂಕ್' ಎಂದು ಎಳೆಯುತ್ತಾರೆ. ಹೊಳೆಯಾಚೆಯ ಕೂಟದಲ್ಲಿ ಅದೇ ಹಕ್ಕಿ, ಅದೇ ಬಣ್ಣ, ಆದರೆ 'ಚಿರ್ರಿಪ್' ಎಂದು ಮಡಚುತ್ತಾರೆ. ಆ ದಡದಲ್ಲಿ ಅಪ್ಪ ಮರಿಯೊಂದಕ್ಕೆ ಬೆನ್ನ ಮೇಲೆ ನೀಲಿ ಚುಕ್ಕೆ ಇಟ್ಟಿದ್ದ. ಅದು ಬೆಳೆದು ಈ ದಡಕ್ಕೆ ಬಂತು. ಮೊದಲೆರಡು ವಾರ ತೊದಲಿತು, ಪಕ್ಕದವರಿಂದ ಏಟು ತಿಂದಿತು, ಆಮೇಲೆ 'ಚ್ವೀಂಕ್' ಎಂದು ಊರಿನವನೇ ಆಗಿಬಿಟ್ಟಿತು. "ಹಾಡು ಹೊಟ್ಟೆಯಿಂದ ಬರೋದಲ್ಲ ಮಗಳೇ, ನೆರೆಮನೆಯಿಂದ ಬರೋದು. ಬರ್ಕೋ" ಅಂದ. ಬರೆದುಕೊಂಡೆ.

ಇದು ನಮ್ಮ ಕಡೆ ಹಂದಿ ಮೇಯಿಸುವವರಿಗೂ ಗೊತ್ತು. ಅದಕ್ಕೇ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದು ಕೂಟದ ಪಕ್ಕ ಮಲಗಿದ ನೀನು ಎಲ್ಲ ಕೂಟವೂ ಹಾಗೇ ಅಂದುಕೊಂಡೆ. ಕೇಳಿದ್ದರೆ ಅಪ್ಪ ಹೇಳುತ್ತಿದ್ದ. ನಿನಗೆ ಕೇಳುವ ಅಭ್ಯಾಸವಿರಲಿಲ್ಲ, ಒಯ್ಯುವ ಅಭ್ಯಾಸವಿತ್ತು.

ನಾಲ್ಕು ಊರು ಬೇಕೇ ನಿನಗೆ? ನಾಲ್ಕು ಊರು ಕೊಡುತ್ತೇನೆ. ನಮ್ಮ ಕೂಟದಲ್ಲಿ ಗಂಡುಗಳಿಗೇನು ಬರವೇ? ಪಾದ್ರಿ ಸರಪಿಕಿಯವನಾಗಲಿ, ಕಿವುಡ ಸಿಕೀರೆಸ್‌ನವನಾಗಲಿ, ಇನ್ನಿಬ್ಬರು ದೂರದ ತಲಮಾಂಕಕ್ಕೂ ಗೊಲ್ಫಿತೊಕ್ಕೂ ಹೋಗಲಿ, ಊರಿನ ಚೀಟಿ ಅಂಟಿಸಿದರಾಯಿತು, ಬಸ್ಸಿನ ಖರ್ಚಿಲ್ಲ. ಏಳು ದೇಶದವರ ಮುಂದೆ ನೀನು ಅದನ್ನು ಹಾಕು.

ಬೆನಿಲ್ದ


ಸರಪಿಕಿ, ಏಪ್ರಿಲ್ 9, 1978

ಮಾನ್ಯ ದೊನ್ ಗಮಾಲಿಯೆಲ್,

ತಮ್ಮ ಪತ್ರ ಬಂದ ದಿನವೇ ಪೆಟ್ಟಿಗೆ ತೆಗೆದು ನೋಡಿದೆ. ಅಪ್ಪನ ಕ್ಯಾಸೆಟ್ಟುಗಳು ಇವೆ. ಕಡೆಗಾಲದಲ್ಲಿ ಅಪ್ಪನಿಗೆ ತಿರುಗುವ ಹುಚ್ಚು ಹತ್ತಿತ್ತು. ಸಿಕೀರೆಸ್‌ನ ಅತ್ತೆಯ ಮನೆ, ತಲಮಾಂಕದ ಗೆಳೆಯರು, ಗೊಲ್ಫಿತೊದಲ್ಲಿ ಹಿಂದೆ ಬಾಳೆತೋಟದಲ್ಲಿ ಜೊತೆಗಿದ್ದವರು, ಎಲ್ಲರನ್ನೂ ನೋಡಿ ಬಂದರು. ಹೋದಲ್ಲೆಲ್ಲ ಯಂತ್ರ ಹೆಗಲಲ್ಲಿತ್ತು. ಚೀಟಿ ಬಿದ್ದುಹೋಗಿವೆ, ಯಾವುದು ಎಲ್ಲಿಯದೆಂದು ನೋಡಿ ಅಂಟಿಸಿ ಕಳಿಸುತ್ತೇನೆ. ಸ್ವಲ್ಪ ಕಾಯಬೇಕು.

ವಿಧೇಯಳು,
ಬೆನಿಲ್ದ


ಸಾನ್ ಹೊಸೆ, ಏಪ್ರಿಲ್ 30, 1978

ಪ್ರಿಯ ಬೆನಿ,

ನೀನು ದೇವತೆ! ನಿಧಾನವಾಗಿ ಅಂಟಿಸು, ಆದರೆ ಜೂನ್ ದಾಟಿಸಬೇಡ. ಫಾಕುಂದೊ ಕೊನೆಯ ವರ್ಷಗಳಲ್ಲಿ ಬೇರೇನಾದರೂ ಬರೆಸಿದ್ದರೆ, ಹತ್ತೊಂಬತ್ತನೆಯ ಪುಸ್ತಕ ಎಂಬುದೊಂದು ಇದ್ದರೆ, ಅದನ್ನೂ ಸೇರಿಸಿ ಕಳಿಸು. ನಕಲು ಮಾಡಿಕೊಂಡು ಎಲ್ಲವನ್ನೂ ಒಟ್ಟಿಗೆ ಹಿಂದಿರುಗಿಸುತ್ತೇನೆ.

ಗಮಾಲಿಯೆಲ್


ಸರಪಿಕಿ, ಮೇ 28, 1978

ಮಾನ್ಯ ದೊನ್ ಗಮಾಲಿಯೆಲ್,

ನಾಲ್ಕು ಕ್ಯಾಸೆಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದೇನೆ. ಪ್ರತಿಯೊಂದರ ಮೇಲೂ ಊರಿನ ಹೆಸರಿದೆ, ಕೆಳಗೆ 'ಫಾ.ಕಾ.' ಎಂದು ಅಪ್ಪನ ಹೆಸರಿನ ಮೊದಲಕ್ಷರಗಳಿವೆ. ಎಂದಿನಂತೆ ಅಕ್ಷರ ನನ್ನದು, ಕೆಲಸ ಅವರದು.

ಹತ್ತೊಂಬತ್ತನೆಯ ಪುಸ್ತಕ ಇಲ್ಲ. ಅರ್ಧ ಬರೆದದ್ದನ್ನು ಇಲಿ ತಿಂದುಹಾಕಿದವು.

ವಿಧೇಯಳು,
ಬೆನಿಲ್ದ


ಸಾನ್ ಹೊಸೆ, ಜೂನ್ 15, 1978

ನನ್ನ ಪ್ರಿಯ ಬೆನಿ,

ಮೂರು ದಿನದಿಂದ ಬೇರೇನನ್ನೂ ಕೇಳಿಲ್ಲ. ಒಂದೇ ಹಾಡು! ನಾಲ್ಕೂ ಊರಿನಲ್ಲಿ ಒಂದೇ! ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಕ್ಕಿಯ ಹಿಂದೆ ಗಾಳಿಗೆ ಮರ ಕಿರ್ರೆನ್ನುವುದೂ ಕೇಳಿಸುತ್ತದೆ, ಕಾಡೇ ಕೋಣೆಗೆ ಬಂದಂತಾಗುತ್ತದೆ. ಹಳೆಯದೆಲ್ಲ ನೆನಪಾಯಿತು. ನೀನು ಕೆಂಪು ವಸ್ತ್ರ ಕಟ್ಟಿಕೊಂಡಾಗ ಆ ಹಕ್ಕಿ ಹೂವೆಂದು ಮೋಸಹೋಗಿ ನಿನ್ನ ಮುಖದ ಮುಂದೆ ಗುಂಯ್ಯೆಂದು ನಿಂತದ್ದು, ನೀನು ಉಸಿರು ಬಿಗಿಹಿಡಿದದ್ದು. ಹಕ್ಕಿಯದು ತಪ್ಪೇನಿರಲಿಲ್ಲ ಬಿಡು.

ಹೆಂಡತಿ ಹೋದಮೇಲೆ ಈ ಮನೆಯಲ್ಲಿ ಮಾತಿಲ್ಲ. ನಿನ್ನ ಪತ್ರಗಳಿಗೆ ಕಾಯುತ್ತೇನೆ ಎಂದರೆ ನಗಬೇಡ. ಸಮ್ಮೇಳನಕ್ಕೆ ಬರುತ್ತೀಯಾ? ನಿನಗಾಗಿ ಒಂದು ಅನಿರೀಕ್ಷಿತ ಸಂತೋಷ ಕಾದಿದೆ. ಈಗಲೇ ಹೇಳುವುದಿಲ್ಲ.

ನಿನ್ನ,
ಗಮಾಲಿಯೆಲ್


ಸರಪಿಕಿ, ಜುಲೈ 3, 1978
(ಡಬ್ಬಕ್ಕೆ.)

ನಿನ್ನ ಗಮಾಲಿಯೆಲ್ ಅಂತೆ! ಥೂ.

ಮರ ಕಿರ್ರೆನ್ನುತ್ತದೆಯಂತೆ. ಅದು ಮರವಲ್ಲವೋ, ಹೊಳೆ ದಾಟುವ ನಮ್ಮ ತಂತಿ ತೊಟ್ಟಿಲು. ನಲವತ್ತು ಸಲ ಅದರಲ್ಲಿ ಕೂತು ದಾಟಿದ್ದೀಯ, ಕೂತಾಗಲೆಲ್ಲ ಅಪ್ಪ ಹಗ್ಗ ಎಳೆದಿದ್ದಾನೆ. ನಾಲ್ಕೂ ಕ್ಯಾಸೆಟ್ಟಿನಲ್ಲಿ ಅದೇ ಗಾಲಿ, ಅದೇ ಕಿರುಗುಡುವಿಕೆ. ಅದನ್ನು ಅಳಿಸಬೇಕೆಂದು ಮೂರು ಬೆಳಗ್ಗೆ ಒದ್ದಾಡಿದೆ, ಆಗಲಿಲ್ಲ. ಇದರಿಂದಲೇ ಸಿಕ್ಕಿಬೀಳುತ್ತೇನೆ ಎಂದು ಹೆದರಿದ್ದೆ. ನೀನು ಅದನ್ನೇ ಕಾಡು ಎಂದು ಮೆಚ್ಚಿಕೊಂಡೆ.

ಇವತ್ತು ಕೂಟದಲ್ಲಿ ಕಾಳಗವಿತ್ತು. ಹೊಸ ಗಂಡೊಂದು ಪಾದ್ರಿಯ ಕಡ್ಡಿಯ ಮೇಲೆ ಬಂದು ಕೂತಿತು. ಪಾದ್ರಿ ಹಾಡು ನಿಲ್ಲಿಸಲಿಲ್ಲ, ಹಾಡುತ್ತ ಹಾಡುತ್ತಲೇ ಹತ್ತಿರ ಬಂದು ಗಂಟಲಿಗೆ ಚುಚ್ಚಿತು. ಒಂದೇ ಏಟು. ಹೆಸರಿಗೆ ಸನ್ಯಾಸಿ! ನಾನು ಎಷ್ಟು ಹೊತ್ತು ನೋಡುತ್ತ ನಿಂತಿದ್ದೆನೋ, ಒಲೆಯ ಮೇಲಿದ್ದ ಕಪ್ಪು ಹುರುಳಿ ಸೀದು ಕರಕಲಾಯಿತು. ಆಗಸ್ಟು ಬರಲಿ. ನಾನು ಬರುವುದಿಲ್ಲ, ದೂರದಿಂದಲೇ ಕೇಳುತ್ತೇನೆ.

ಬೆನಿಲ್ದ


ಸಾನ್ ಹೊಸೆ, ಆಗಸ್ಟ್ 24, 1978

ಬೆನಿ,

ಇದನ್ನು ನಿನಗೆ ಹೇಗೆ ಹೇಳಲಿ. ಸಮ್ಮೇಳನದಲ್ಲಿ ಅನಾಹುತವಾಯಿತು.

ನಾಲ್ಕನೆಯ ಕ್ಯಾಸೆಟ್ಟು, ಗೊಲ್ಫಿತೊದ್ದು, ಹಾಕಿ ಅರ್ಧ ನಿಮಿಷವಾಗಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಗೊಲ್ಫಿತೊದ ಶಾಲೆಯ ಟೀಚರಂತೆ, ದೋನ್ಯ ದೆಲ್ಫೀನ. "ಕ್ಷಮಿಸಿ ಸ್ವಾಮಿ, ಅದು ನಮ್ಮೂರಿನ ಹಕ್ಕಿ ಅಲ್ಲ" ಅಂದಳು. ನಾನು "ಕೂತ್ಕೊಳಮ್ಮ" ಅಂದೆ. ಕೂರಲಿಲ್ಲ. "ನಮ್ಮದು ಹೀಗೆ ಹಾಡುತ್ತೆ" ಎಂದು ಅಷ್ಟು ಜನರ ಮುಂದೆ ತುಟಿ ಮಡಚಿ ಶಿಳ್ಳೆ ಹಾಕಿದಳು. ಬೇರೆಯೇ ಹಾಡು. ಆಮೇಲೆ ತಲಮಾಂಕದಿಂದ ಬಂದಿದ್ದ ಇನ್ನೊಬ್ಬನೂ ಎದ್ದ, ಅವನೂ ಶಿಳ್ಳೆ ಹಾಕಿದ. ಸಭೆಯೆಲ್ಲ ನಕ್ಕಿತು.

ನಿನಗಾಗಿ ಕಾದಿಟ್ಟಿದ್ದ ಸಂತೋಷವನ್ನು ಈಗ ಹೇಳುತ್ತೇನೆ. ಪ್ರಬಂಧದ ಮೇಲೆ ನಾನು ಫಾಕುಂದೊನ ಹೆಸರನ್ನೇ ಮೊದಲು ಅಚ್ಚು ಹಾಕಿಸಿದ್ದೆ, ನನ್ನದು ಅದರ ಕೆಳಗೆ. ನೀನು ಅಷ್ಟು ದೊಡ್ಡ ಮನಸ್ಸು ತೋರಿದ ಮೇಲೆ ನನಗೆ ನಾಚಿಕೆಯಾಗಿತ್ತು. ಆದರೆ ಸಭೆ ನಗುತ್ತಿದ್ದಾಗ, ಬೆನಿ, ನನಗೆ ಬೇರೆ ದಾರಿ ಕಾಣಲಿಲ್ಲ. ಪ್ರಬಂಧದಲ್ಲಿ ಧ್ವನಿಮುದ್ರಣವೆಲ್ಲ ನನ್ನ ಎದುರಿನಲ್ಲೇ ನಡೆದದ್ದೆಂದು ಬರೆದಿದ್ದೆ, ಅದು ಬರೆಯುವ ರೂಢಿ. ಬಾಯಲ್ಲಿ ಮಾತ್ರ, ಯಂತ್ರ ಹಿಡಿದದ್ದು ಓದುಬರಹವಿಲ್ಲದ ರೈತ, ಮನೆಯ ಅಂಗಳ ಬಿಟ್ಟು ಹೋಗದೆಯೇ ಊರೂರು ಸುತ್ತಿದೆನೆಂದು ನನಗೆ ಹೇಳಿರಬೇಕು ಎಂದೆ. ಇನ್ನಷ್ಟು ನಕ್ಕರು, ಆದರೆ ಆ ನಗು ನನ್ನ ಮೇಲಿರಲಿಲ್ಲ. ಸಮ್ಮೇಳನದ ವರದಿಯಲ್ಲೂ ಹಾಗೆಯೇ ಬರುತ್ತದೆ: 'ಫಾಕುಂದೊ ಕಾರ್ವಹಾಲ್‌ನ ನಕಲಿ ಟೇಪುಗಳು.' ಸತ್ತವನಿಗೆ ಅದರಿಂದ ನೋವಿಲ್ಲ. ಬದುಕಿರುವ ನನಗೆ ಕೆಲಸ ಉಳಿಯಬೇಕಲ್ಲ. ನೀನು ಅರ್ಥಮಾಡಿಕೊಳ್ಳುತ್ತೀಯ.

ಗಮಾಲಿಯೆಲ್


ಸರಪಿಕಿ, ಸೆಪ್ಟೆಂಬರ್ 5, 1978
(ಡಬ್ಬಕ್ಕೆ.)

ಅಪ್ಪನ ಹೆಸರು ಅಚ್ಚಾಯಿತು. ನಾನು ಬೇಡಿಕೊಂಡದ್ದು ನಡೆದೇಬಿಟ್ಟಿತು. ಫಾಕುಂದೊ ಕಾರ್ವಹಾಲ್, ನಕಲಿ.

'ಫಾ.ಕಾ.' ಎಂದು ಬರೆದ ಕೈ ಇದೇ. ನೀನು ಅಪ್ಪನ ಕಿವಿಯನ್ನೇ ನಂಬುತ್ತೇನೆ ಎಂದೆಯಲ್ಲ, ಆ ಕಿವಿಯನ್ನೇ ಕೊಯ್ದು ಗಾಳಕ್ಕೆ ಸಿಕ್ಕಿಸಿದೆ. ಜೀವಮಾನದಲ್ಲಿ ಒಂದು ಹಕ್ಕಿಯನ್ನೂ ತಪ್ಪಾಗಿ ಎಣಿಸದವನು. ಒಂದು ದಿನ ಜ್ವರದಲ್ಲಿ ಮಲಗಿ ಕೂಟಕ್ಕೆ ಹೋಗದಿದ್ದರೆ "ಇವತ್ತು ನೋಡಿಲ್ಲ ಅಂತಲೇ ಬರಿ, ನಿನ್ನೆಯಂಗೇ ಇತ್ತು ಅಂತ ಬರೀಬೇಡ" ಎನ್ನುತ್ತಿದ್ದವನು. ಅವನ ಬಾಯಿಗೆ ಸುಳ್ಳು ತುರುಕಿದವಳು ಮಗಳು.

ಮೂರು ದಿನ ಒಲೆ ಹಚ್ಚಲಿಲ್ಲ. ನಿನ್ನ ಮೇಲಿನ ಸಿಟ್ಟು ಇಳಿಯಿತೆಂದುಕೊಳ್ಳಬೇಡ, ಅದು ಇನ್ನೂ ದೊಡ್ಡದಾಗಿದೆ. ಆದರೆ ಅದಕ್ಕೀಗ ಜೊತೆ ಸಿಕ್ಕಿದೆ, ನನ್ನ ಮೇಲಿನ ಸಿಟ್ಟು. ಅಪ್ಪನನ್ನು ಈ ಕೆಸರಿನಿಂದ ಎತ್ತಬೇಕಾದರೆ ಟೇಪು ಮಾಡಿದ್ದು ನಾನೇ ಎಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ನೀನು ಮೋಸಹೋದ ಪಾಪದವನಾಗುತ್ತೀಯ. ನಿನ್ನನ್ನು ಎತ್ತದೆ ಅಪ್ಪನನ್ನು ಎತ್ತಲಾಗುವುದಿಲ್ಲವಲ್ಲ.


ಸರಪಿಕಿ, ಸೆಪ್ಟೆಂಬರ್ 12, 1978

ಗಮಾಲಿಯೆಲ್,

ಇನ್ನು 'ತಾವು' ಇಲ್ಲ. ಇದು ಅಂಚೆಗೆ ಹೋಗುತ್ತದೆ, ಜೊತೆಗೆ ಬಿಸ್ಕತ್ತಿನ ಡಬ್ಬದಲ್ಲಿದ್ದ ನಾಲ್ಕು ಪತ್ರಗಳ ನಕಲೂ ಬರುತ್ತದೆ. ತಾರೀಖಿನ ಪ್ರಕಾರ ಓದು, ನಾನು ನಿನಗೆ ಯಾವತ್ತು ವಿಧೇಯಳಾಗಿದ್ದೆ ಎಂಬುದು ತಿಳಿಯುತ್ತದೆ.

ಟೇಪುಗಳೆಲ್ಲ ನನ್ನವು. ನಾಲ್ಕೂ ಮೇ ತಿಂಗಳಲ್ಲಿ, ಅಪ್ಪ ಸತ್ತು ನಾಲ್ಕು ತಿಂಗಳಾದ ಮೇಲೆ, ನಮ್ಮ ಮನೆಯ ಹಿಂದಿನ ಕೂಟದಲ್ಲಿ ಹಿಡಿದವು. ಸಾಕ್ಷಿ ಬೇಕೇ? ನಾಲ್ಕರಲ್ಲೂ ನಿನ್ನ ಆ ಕಿರ್ರೆನ್ನುವ ಮರ ಇದೆ. ಅಸಲು ಪತ್ರಗಳನ್ನೂ ನನ್ನ ತಪ್ಪೊಪ್ಪಿಗೆಯನ್ನೂ ಹತ್ತೊಂಬತ್ತನೆಯ ಪುಸ್ತಕವನ್ನೂ ಗೊಲ್ಫಿತೊ ಶಾಲೆಯ ದೋನ್ಯ ದೆಲ್ಫೀನ ಅವರಿಗೆ ನಿನ್ನೆ ಕಳಿಸಿದ್ದೇನೆ. ಸುಳ್ಳುಗಾತಿ ಎಂದು ನನ್ನ ಹೆಸರು ಅಚ್ಚಾಗಲಿ. ನಿನಗೆ ಮೋಸವಾದದ್ದು ನಿಜ ಎಂದೂ ಬರೆದಿದ್ದೇನೆ. ಆದರೆ 'ನನ್ನ ಎದುರಿನಲ್ಲೇ ನಡೆದದ್ದು' ಎಂದೆಯಲ್ಲ, ಆ ಮೋಸ ಯಾರದು? ಸತ್ತವನು ಮೇ ತಿಂಗಳಲ್ಲಿ ಯಂತ್ರ ಹಿಡಿದದ್ದನ್ನು ನೀನು ಎಲ್ಲಿ ನಿಂತು ನೋಡಿದೆ?

ಬೆನಿಲ್ದ ಕಾರ್ವಹಾಲ್


ಸಾನ್ ಹೊಸೆ, ಅಕ್ಟೋಬರ್ 8, 1978

ಬೆನಿಲ್ದ ಅವರಿಗೆ,

ನಿಮ್ಮ ಪತ್ರಗಳನ್ನು ಓದಿದೆ. ಒಬ್ಬ ಹೆಣ್ಣಿನ ಮನಸ್ಸಿನಲ್ಲಿ ಇಷ್ಟು ವಿಷವಿರಬಹುದೆಂದು ತಿಳಿದಿರಲಿಲ್ಲ. ನಾನು ನಿಮ್ಮ ಪತ್ರಗಳಿಗೆ ಕಾಯುತ್ತಿದ್ದೆ ಎಂಬುದನ್ನು ನೆನೆದರೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಒಂದು ಮಾತು ಹೇಳಿಬಿಡುತ್ತೇನೆ, ಅನುಭವಿಸಿ. ದೆಲ್ಫೀನಳಿಗೆ ನೀವು ಕಳಿಸಿದ ಪುಸ್ತಕ ಯಾರ ಅಕ್ಷರದಲ್ಲಿದೆ? ನಿಮ್ಮದರಲ್ಲಿ. ಹದಿನೆಂಟು ಪುಸ್ತಕ ಯಾರ ಅಕ್ಷರದಲ್ಲಿವೆ? ನಿಮ್ಮದರಲ್ಲಿ. ಮುದುಕ ಹೇಳಿದ, ನೀವು ಬರೆದಿರಿ. ಅದಕ್ಕೆ ಸಾಕ್ಷಿ ಯಾರು? ನೀವೇ. ನಾಲ್ಕು ಊರು ಸೃಷ್ಟಿಸಿದವಳು ಒಬ್ಬ ತಂದೆಯನ್ನು ಸೃಷ್ಟಿಸಲಾರಳೇ ಎಂದು ಯಾರಾದರೂ ಕೇಳುತ್ತಾರೆ. ಯಾರೂ ಕೇಳದಿದ್ದರೆ ನಾನು ಕೇಳುತ್ತೇನೆ. ಒಪ್ಪಿಕೊಂಡ ಸುಳ್ಳುಗಾತಿಯ ಅಕ್ಷರವನ್ನು ಈ ದೇಶದಲ್ಲಿ ಯಾವ ವಿದ್ವಾಂಸನೂ ನಂಬುವುದಿಲ್ಲ. ನಿಮ್ಮ ತಂದೆಯ ಹತ್ತೊಂಬತ್ತು ವರ್ಷಗಳನ್ನು ನಾನು ಕದ್ದೆ ಎನ್ನುತ್ತೀರಿ. ಅವುಗಳನ್ನು ಸುಟ್ಟವರು ನೀವು.

ಗಮಾಲಿಯೆಲ್ ಉಲ್ಯೋವ


ಸರಪಿಕಿ, ಫೆಬ್ರುವರಿ 18, 1979

ಗಮಾಲಿಯೆಲ್,

ನಾಲ್ಕು ತಿಂಗಳು ಉತ್ತರ ಬರೆಯಲಿಲ್ಲ. ನಿನ್ನ ಕೊನೆಯ ಪತ್ರ ಗಂಟಲಿಗೇ ಬಿದ್ದಿತ್ತು, ಒಪ್ಪಿಕೊಳ್ಳುತ್ತೇನೆ. ಅದನ್ನು ಓದಿ ಅಪ್ಪನ ಗೋರಿಯ ಹತ್ತಿರ ಹೋಗುವುದನ್ನೂ ಬಿಟ್ಟಿದ್ದೆ. ಯಾವ ಮುಖ ಹೊತ್ತು ಹೋಗಲಿ?

ದೋನ್ಯ ದೆಲ್ಫೀನ ಡಿಸೆಂಬರಿನಲ್ಲಿ ಬಂದಳು. ಶಾಲೆಗೆ ರಜೆ ಸಿಕ್ಕ ಮರುದಿನವೇ ಬಸ್ಸು ಹತ್ತಿ, ತಂತಿ ತೊಟ್ಟಿಲಲ್ಲಿ ಕೂತು, ಈ ದಡಕ್ಕೆ ಇಳಿದವಳು ಮೊದಲು ಹೇಳಿದ್ದು ಇದು: "ಕ್ಯಾಸೆಟ್ಟಲ್ಲಿ ಕಿರ್ರ್ ಅಂತಿದ್ದದ್ದು ಇದೇನಾ? ಎಣ್ಣೆ ಹಾಕ್ಬಾರ್ದೇನ್ರೀ?" ಗಿಡ್ಡ ಹೆಂಗಸು, ದಪ್ಪ ಕನ್ನಡಕ, ಬಾಯಿ ಮಾತ್ರ ನನಗಿಂತ ಜೋರು. ಹತ್ತೊಂಬತ್ತನೆಯ ಪುಸ್ತಕವನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. "ಇದನ್ನ ನಾನು ಓದಿಲ್ಲ. ಓದೋದೂ ಇಲ್ಲ. ನೀವು ಸುಳ್ಳು ಹೇಳೋರು, ನಿಮ್ಮ ಬಾಯಿಂದ ಒಂದು ಮಾತೂ ಬೇಡ. ಕೂಟ ಎಲ್ಲಿದೆ ತೋರಿಸಿ, ಆಮೇಲೆ ಅಡುಗೆಮನೆಗೆ ಹೋಗಿ." ನನ್ನ ಮನೆಯಲ್ಲೇ ನನಗೆ ಹೀಗೆ ಹೇಳಿದಳು. ಹೋದೆ.

ಏಳು ವಾರ ಅಪ್ಪನ ಮುಕ್ಕಾಲಿ ಪೀಠದ ಮೇಲೆ ಕೂತಳು. ಬೆಳಕು ಹರಿಯುವ ಮುಂಚೆ ಹೋದರೆ ಹನ್ನೊಂದಕ್ಕೆ ಬರುತ್ತಿದ್ದಳು. ಸೊಳ್ಳೆ ಕಚ್ಚಿ ಕೈಕಾಲೆಲ್ಲ ಊದಿತು. ಕ್ರಿಸ್ಮಸ್ಸಿಗೆ ಮೆಕ್ಕೆಜೋಳದ ಹಿಟ್ಟನ್ನು ಬಾಳೆಲೆಯಲ್ಲಿ ಸುತ್ತಿ ತಮಾಲೆ ಕಟ್ಟಲು ಕೂಡ ಕೈ ಜೋಡಿಸಲಿಲ್ಲ, ತಿನ್ನಲು ಮಾತ್ರ ಬಂದಳು. ಈ ದಡದ ಹಾಡು, ಆ ದಡದ ಹಾಡು, ಎರಡನ್ನೂ ತನ್ನ ಕಿವಿಯಲ್ಲಿ ಕೇಳಿ ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಆ ದಡದಲ್ಲಿ ಗೂಡು ಬಿಟ್ಟ ಮರಿಯೊಂದನ್ನು ಬಲೆಯಲ್ಲಿ ಹಿಡಿದು, ತನ್ನ ಕೈಯಿಂದಲೇ ಹಳದಿ ಚುಕ್ಕೆ ಇಟ್ಟಳು. ಬಣ್ಣದ ಸೀಸೆಯನ್ನು ನನಗೆ ಮುಟ್ಟಲೂ ಬಿಡಲಿಲ್ಲ.

ಜನವರಿ ಎರಡನೆಯ ವಾರ ಆ ಹಳದಿ ಚುಕ್ಕೆಯ ಮರಿ ಹೊಳೆ ದಾಟಿ ನಮ್ಮ ಕೂಟಕ್ಕೆ ಬಂತು. ತೊದಲಿತು. ಪಾದ್ರಿಯಿಂದ ಏಟು ತಿಂದಿತು. ಒಂದು ಮೂಲೆಯ ಕಡ್ಡಿ ಹಿಡಿದು ಕೂತು, ಏನೇನೋ ಗೊಣಗುತ್ತಿತ್ತು. ನಾನು ಅಡುಗೆಮನೆಯಿಂದ ಕೇಳುತ್ತಿದ್ದೆ, ಬಾಯಿ ಬಿಡುವಂತಿರಲಿಲ್ಲ. 'ಚ್ವೀಂಕ್' ಅನ್ನೋ, ಅನ್ನೋ ಎಂದು ಒಳಗೊಳಗೇ ಬೇಡಿಕೊಂಡೆ. ಈ ಒಂದು ಹಕ್ಕಿ ಆಚೆ ದಡದ ಹಾಡನ್ನೇ ಹಿಡಿದು ಕೂತರೆ ಅಪ್ಪ ಎರಡನೆಯ ಸಲ ಸತ್ತಂತೆಯೇ. ಹದಿನಾರು ದಿನ. ಹದಿನೇಳನೆಯ ಬೆಳಗ್ಗೆ ಅದು 'ಚ್ವೀಂಕ್' ಎಂದಿತು, ದೆಲ್ಫೀನ ಕೆಸರುಗಾಲಲ್ಲೇ ಒಳಗೆ ಬಂದಳು. ಅವತ್ತು ಜನವರಿ ಮೂವತ್ತು, ಅಪ್ಪ ಹೋಗಿ ವರ್ಷ ಕಳೆದು ಹನ್ನೊಂದು ದಿನವಾಗಿತ್ತು. ಒಲೆಯ ಪಕ್ಕ ಕೂತು, ಬೆಲ್ಲದ ನೀರು ಕೇಳಿ ಕುಡಿದು, "ಈಗ ನಿಮ್ಮಪ್ಪನ ಪುಸ್ತಕ ಕೊಡಿ" ಅಂದಳು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದಳು. ಅಪ್ಪನ ನೀಲಿಗೆ ಹತ್ತೊಂಬತ್ತು ದಿನ ಹಿಡಿದಿತ್ತು, ಇವಳ ಹಳದಿಗೆ ಹದಿನೇಳು. ಕನ್ನಡಕ ತೆಗೆದು ಒರೆಸಿಕೊಂಡಳು. "ಎಂಥಾ ಮನುಷ್ಯನ ಮೇಲೆ ಸುಳ್ಳು ಹೊರಿಸಿದ್ರಿ ನೀವು! ನಾಚಿಕೆ ಆಗ್ಬೇಕು ನಿಮಗೆ" ಅಂದಳು. ಆಗುತ್ತದೆ ಅಂದೆ. ಅಳು ಬಂತು, ಅತ್ತೆ. ಅವಳು ಸಮಾಧಾನ ಮಾಡಲಿಲ್ಲ.

ಅವಳ ಬರಹ ಅಚ್ಚಿಗೆ ಹೋಗಿದೆ. ಮೇಲೆ ಫಾಕುಂದೊ ಕಾರ್ವಹಾಲ್, ಕೆಳಗೆ ದೆಲ್ಫೀನ ಮೊಂಹೆ. ಅಡಿಟಿಪ್ಪಣಿಯಲ್ಲಿ ನಾನು: ನಾಲ್ಕು ಟೇಪುಗಳು ಕಾರ್ವಹಾಲ್ ಅವರವಲ್ಲ, ಅವರ ಮಗಳು ಬೆನಿಲ್ದ ಮೋಸದಿಂದ ಮಾಡಿದವು. ಅದರ ಕೆಳಗಿನ ಟಿಪ್ಪಣಿಯಲ್ಲಿ ನೀನು: ಆ ಟೇಪುಗಳು ತಮ್ಮ ಎದುರಿನಲ್ಲಿ ಮುದ್ರಣವಾದವೆಂದು ದೊನ್ ಗಮಾಲಿಯೆಲ್ ಉಲ್ಯೋವ ಬರೆದಿರುವುದನ್ನು ಓದುಗರು ಗಮನಿಸಬೇಕು. ಇಬ್ಬರೂ ಒಂದೇ ಪುಟದ ತಳದಲ್ಲಿ, ಇರುವೆಯಷ್ಟು ಅಕ್ಷರದಲ್ಲಿ. ನನಗೆ ಅಷ್ಟು ಸಾಕು.

ಅಕ್ಷರ ಯಾರದು ಎಂದು ಕೇಳಿದ್ದೆಯಲ್ಲ. ಈ ಸಲ ನನ್ನದಲ್ಲ.

ಇನ್ನು ಹದಿನೆಂಟು ಪುಸ್ತಕಗಳು. ನಿನ್ನ ಮ್ಯೂಸಿಯಂನವರಿಗೂ ದೆಲ್ಫೀನ ಬರೆದಿದ್ದಾಳೆ, ಅವರು ಕೇಳುವ ಮುಂಚೆ ನೀನೇ ತಂದುಬಿಡು. ಕೆಸರು, ಮಂಡಿನೋವು ಎನ್ನಬೇಡ. ದಾರಿ ಮರೆತಿಲ್ಲ ತಾನೆ? ಹೊಳೆಯ ಆ ದಡಕ್ಕೆ ಬಂದು ಕೂಗು, ತೊಟ್ಟಿಲು ಕಳಿಸುತ್ತೇನೆ. ಎಣ್ಣೆ ಹಾಕಿಲ್ಲ, ಕಿರ್ರೆನ್ನುವುದನ್ನು ಪೂರ್ತಿ ಕೇಳಿಸಿಕೋ. ಹಗ್ಗ ನನ್ನ ಕೈಯಲ್ಲಿರುತ್ತದೆ. ಪುಸ್ತಕಗಳನ್ನು ಅದರಲ್ಲಿಡು. ನೀನು ಹತ್ತಬೇಡ.

ಫಾಕುಂದೊ ಕಾರ್ವಹಾಲ್‌ನ ಮಗಳು,
ಬೆನಿಲ್ದ